ತಪ್ಪನ್ನು ಮನ್ನಿಸುವ ರಸ್ತೆ

ಸ್ಟಿಯರಿಂಗ್ ಹಿಡಿದವರು ಒಮ್ಮೆಯಾದರೂ ತಪ್ಪುತ್ತಾರೆ ಎಂಬುದನ್ನು ಒಪ್ಪಿಕೊಂಡ ಮೇಲೆಯೇ ಸುರಕ್ಷಿತ ರಸ್ತೆಯ ವಿನ್ಯಾಸ ಶುರುವಾಗುತ್ತದೆ. ಬೆಳಗಿನ ಜಾವ ರೆಪ್ಪೆ ಭಾರವಾಗುತ್ತದೆ, ಮಳೆಗೆ ಗಾಜು ಮಸುಕಾಗುತ್ತದೆ, ಎದುರಿನ ಲಾರಿ ಎಷ್ಟು ದೂರದಲ್ಲಿದೆ ಎಂಬ ಅಂದಾಜು ತಪ್ಪುತ್ತದೆ, ಹಿಂದಿನ ಸೀಟಿನಲ್ಲಿ ಮಗು ಅತ್ತರೆ ಕಣ್ಣು ಅತ್ತ ಹೊರಳುತ್ತದೆ. ಇಷ್ಟಕ್ಕೆಲ್ಲ ಪ್ರಾಣವನ್ನೇ ದಂಡವಾಗಿ ತೆರುವಂತಾಗಬಾರದು. ಭಾರತದಲ್ಲಿ 2022ರಲ್ಲಿ ದಾಖಲಾದ ರಸ್ತೆ ಅಪಘಾತಗಳು 4,61,312. ಅವುಗಳಲ್ಲಿ ಸತ್ತವರು 1,68,491 ಮಂದಿ. ದಾಖಲೆಗಳಲ್ಲಿ ಬಹುಪಾಲು ಸಾವಿಗೆ ಅತಿವೇಗವೇ ಕಾರಣ ಎಂದು ಬರೆದಿರುತ್ತದೆ. ಆದರೆ ಚಾಲಕರ ವೇಗವನ್ನು ಏರಿಸುವುದರಲ್ಲಿ, ಇಳಿಸುವುದರಲ್ಲಿ, ತಪ್ಪು ನಡೆದಾಗ ಪೆಟ್ಟನ್ನು ತಗ್ಗಿಸುವುದರಲ್ಲಿ ರಸ್ತೆಯ ಪಾಲು ದೊಡ್ಡದು.

ಕಾಣುವ ದೂರ, ನಿಲ್ಲುವ ದೂರ

ಎಂಜಿನಿಯರು ಮೊದಲು ಲೆಕ್ಕ ಹಾಕುವುದು ಚಾಲಕರಿಗೆ ಎಷ್ಟು ದೂರ ಕಾಣಬೇಕು ಎಂಬುದನ್ನು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಒಂದು ಕಾರು ದಿಣ್ಣೆ ಹತ್ತುತ್ತಿದೆ, ನೆತ್ತಿಯ ಆಚೆ ರಸ್ತೆಯ ನಡುವೆ ದನವೊಂದು ನಿಂತಿದೆ ಎಂದುಕೊಳ್ಳೋಣ. ದನ ಕಣ್ಣಿಗೆ ಬಿದ್ದು, ಅದು ದನವೆಂದು ಅರಿವಾಗಿ, ಕಾಲು ಬ್ರೇಕಿನ ಮೇಲೆ ಬೀಳಲು ವಿನ್ಯಾಸದ ಲೆಕ್ಕದಲ್ಲಿ ಕೊಡುವ ಸಮಯ ಎರಡೂವರೆ ಸೆಕೆಂಡು. ಸೆಕೆಂಡಿಗೆ 22 ಮೀಟರ್ ಓಡುವ ಕಾರು ಬ್ರೇಕ್ ತಾಗುವ ಮೊದಲೇ 55 ಮೀಟರ್ ಮುಂದೆ ಬಂದಿರುತ್ತದೆ. ಆಮೇಲೆ ಟೈರು ರಸ್ತೆಯನ್ನು ಕಚ್ಚಿ ನಿಲ್ಲಲು ಇನ್ನಷ್ಟು ದೂರ ಬೇಕು. 1934ರಲ್ಲಿ ಆರಂಭವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಈ ವೇಗಕ್ಕೆ ಗೊತ್ತುಮಾಡಿರುವ ಒಟ್ಟು ದೂರ 120 ಮೀಟರ್. 50 ಕಿಲೋಮೀಟರ್ ವೇಗಕ್ಕೆ 60 ಮೀಟರ್ ಸಾಕು. 100ಕ್ಕೆ 180 ಮೀಟರ್ ಬೇಕು. ವೇಗ ಎರಡರಷ್ಟಾದರೆ ನಿಲ್ಲಲು ಬೇಕಾದ ದೂರ ಮೂರರಷ್ಟಾಗುತ್ತದೆ.

ಆದ್ದರಿಂದಲೇ ದಿಣ್ಣೆಯ ನೆತ್ತಿಯನ್ನು ಕಡಿದು ತಗ್ಗಿಸುತ್ತಾರೆ, ತಿರುವಿನ ಒಳಮಗ್ಗುಲ ಗುಡ್ಡವನ್ನು ಕೊರೆದು ನೋಟಕ್ಕೆ ದಾರಿ ಮಾಡುತ್ತಾರೆ. ತಿರುವಿನಲ್ಲಿ ಬೆಳೆದ ಪೊದೆ, ನೆಟ್ಟ ಜಾಹೀರಾತು ಫಲಕ, ಕಟ್ಟಿದ ಗೂಡಂಗಡಿ ಈ ದೂರವನ್ನು ನುಂಗುತ್ತವೆ. ಪೊದೆ ಸವರುವುದೂ ರಸ್ತೆ ಸುರಕ್ಷತೆಯ ಕೆಲಸವೇ.

ತಿರುವಿನ ಓರೆ

ತಿರುವಿನಲ್ಲಿ ವಾಹನ ನೇರವಾಗಿಯೇ ಹೋಗಲು ಹವಣಿಸುತ್ತದೆ. ಅದನ್ನು ದಾರಿಯಲ್ಲಿ ಉಳಿಸುವುದು ಟೈರಿನ ಹಿಡಿತ ಮತ್ತು ರಸ್ತೆಯ ಓರೆ. ತಿರುವಿನ ಹೊರ ಅಂಚನ್ನು ಒಳ ಅಂಚಿಗಿಂತ ಎತ್ತರಿಸಿದರೆ ವಾಹನದ ತೂಕವೇ ಅದನ್ನು ಒಳಕ್ಕೆ ಎಳೆಯುತ್ತದೆ. ಬಯಲುಸೀಮೆಯ ರಸ್ತೆಗಳಲ್ಲಿ ಈ ಓರೆ ಶೇ 7ನ್ನು ಮೀರಬಾರದು. ಹಿಮ ಬೀಳದ ಘಾಟಿಗಳಲ್ಲಿ ಶೇ 10ರವರೆಗೆ ಹೋಗಬಹುದು. ಏಳು ಮೀಟರ್ ಅಗಲದ ರಸ್ತೆಗೆ ಶೇ 7 ಎಂದರೆ ಹೊರ ಅಂಚು ಹತ್ತಿರ ಹತ್ತಿರ ಅರ್ಧ ಮೀಟರ್ ಎತ್ತರ. ಓರೆ ಇದಕ್ಕಿಂತ ಹೆಚ್ಚಾದರೆ ನಿಧಾನವಾಗಿ ಸಾಗುವ, ಎತ್ತರಕ್ಕೆ ಹುಲ್ಲು ಹೇರಿದ ಲಾರಿ ಒಳಕ್ಕೆ ವಾಲುವ ಭಯವಿದೆ. ಇಷ್ಟು ಓರೆ ಇದ್ದರೂ 80 ಕಿಲೋಮೀಟರ್ ವೇಗದ ರಸ್ತೆಯಲ್ಲಿ ತಿರುವಿನ ತ್ರಿಜ್ಯ ಸುಮಾರು 230 ಮೀಟರಿಗಿಂತ ಕಡಿಮೆಯಾಗುವಂತಿಲ್ಲ. ನೇರ ದಾರಿಯಿಂದ ತಿರುವಿಗೆ ಒಮ್ಮೆಗೇ ಹೊರಳಿಸುವುದೂ ಸಲ್ಲ. ನಡುವೆ ಸುರುಳಿಯಾಕಾರದ ತುಣುಕೊಂದನ್ನು ಸೇರಿಸಿ, ತಿರುವು ಮೆಲ್ಲಗೆ ಬಿಗಿಯಾಗುವಂತೆಯೂ ಓರೆ ಮೆಲ್ಲಗೆ ಏರುವಂತೆಯೂ ಮಾಡುತ್ತಾರೆ. ಸ್ಟಿಯರಿಂಗನ್ನು ಝಾಡಿಸಿ ತಿರುಗಿಸುವ ಪ್ರಸಂಗವೇ ಬರುವುದಿಲ್ಲ.

ಆಗುಂಬೆಯಂಥ ಘಾಟಿಯ ಹಿಮ್ಮುರಿ ತಿರುವುಗಳಲ್ಲಿ ಇಷ್ಟು ಜಾಗ ಸಿಗುವುದಿಲ್ಲ. ಅಲ್ಲಿ ವೇಗವನ್ನು 20 ಕಿಲೋಮೀಟರಿಗೆ ಇಳಿಸಿಯೇ ವಿನ್ಯಾಸ ಮಾಡಬೇಕು, ಒಳ ಅಂಚಿನ ತ್ರಿಜ್ಯ 14 ಮೀಟರಾದರೂ ಇರಬೇಕು. ಉದ್ದದ ವಾಹನದ ಹಿಂಗಾಲಿ ಮುಂಗಾಲಿಗಿಂತ ಒಳಕ್ಕೆ ಸರಿದು ಹೋಗುವುದರಿಂದ ತಿರುವಿನಲ್ಲಿ ರಸ್ತೆಯನ್ನು ಹೆಚ್ಚು ಅಗಲ ಮಾಡಬೇಕು.

ಎದುರುಬದುರಾಗದ ದಾರಿ

ಎಲ್ಲಕ್ಕಿಂತ ಘೋರವಾದದ್ದು ಮುಖಾಮುಖಿ ಡಿಕ್ಕಿ. ಓವರ್‌ಟೇಕ್ ಮಾಡಲು ಬಲಕ್ಕೆ ಹೊರಳಿದ ಕಾರಿಗೆ ಎದುರಿನ ಬಸ್ಸು ಸಿಕ್ಕಿದರೆ ಎರಡರ ವೇಗವೂ ಕೂಡಿ ಬಡಿಯುತ್ತದೆ. ಇದಕ್ಕೆ ಮದ್ದು ಹುಡುಕುವುದರಲ್ಲಿ ಸ್ವೀಡನ್ ದಾರಿ ತೋರಿಸಿತು. 1997ರಲ್ಲಿ ಅಲ್ಲಿನ ಸಂಸತ್ತು ‘ವಿಷನ್ ಝೀರೋ’ ಎಂಬ ನೀತಿಯನ್ನು ಒಪ್ಪಿತು. ರಸ್ತೆಯಲ್ಲಿ ಒಬ್ಬರೂ ಸಾಯಬಾರದು, ಸತ್ತರೆ ಚಾಲಕರಷ್ಟೇ ಅಲ್ಲ, ರಸ್ತೆ ಕಟ್ಟಿದವರೂ ಹೊಣೆಗಾರರು ಎಂಬುದು ಅದರ ತಿರುಳು.

ಆ ದೇಶದಲ್ಲಿ 13 ಮೀಟರ್ ಅಗಲದ ಹೆದ್ದಾರಿಗಳು ಬಹಳ ಇದ್ದವು. ಆಚೆಗೊಂದು ಈಚೆಗೊಂದು ಪಥ, ಎರಡೂ ಬದಿಯಲ್ಲಿ ಅಗಲವಾದ ಅಂಚು. ಆ ಅಗಲವೇ ಅತಿವೇಗದ ಓವರ್‌ಟೇಕಿಗೆ ಕರೆಯುತ್ತಿತ್ತು. 1998ರಿಂದ ಇದೇ ಅಗಲದಲ್ಲಿ ಮೂರು ಪಥಗಳನ್ನು ಗೆರೆ ಹಾಕಿದರು. ಒಂದಷ್ಟು ದೂರ ಈ ಕಡೆಯವರಿಗೆ ಎರಡು ಪಥ, ಮುಂದೆ ಒಂದಷ್ಟು ದೂರ ಆ ಕಡೆಯವರಿಗೆ ಎರಡು. ನಡುವೆ ಉಕ್ಕಿನ ಹಗ್ಗಗಳ ಬೇಲಿ. ಕಾರು ಬಂದು ತಾಗಿದರೆ ತೆಳು ಕಂಬಗಳು ಬಾಗಿ ಬೀಳುತ್ತವೆ, ಬಿಗಿದ ಹಗ್ಗ ಜಗ್ಗಿ ಕಾರನ್ನು ಅಪ್ಪಿಕೊಂಡು ಅದರ ಪಥಕ್ಕೇ ಹಿಂದಿರುಗಿಸುತ್ತದೆ. ಕಾರು ಜಖಂ ಆಗುತ್ತದೆ, ಚಾಲಕರು ಬಾಗಿಲು ತೆರೆದು ಇಳಿಯುತ್ತಾರೆ. ಹೊಸ ಭೂಮಿ ಹೆಚ್ಚೇನೂ ಬೇಕಾಗದ ಈ ರಸ್ತೆಗಳಲ್ಲಿ ಸಾವು ಸುಮಾರು ಮುಕ್ಕಾಲು ಪಾಲು ಇಳಿಯಿತು. 1997ರಲ್ಲಿ ಸ್ವೀಡನ್ನಿನ ರಸ್ತೆಗಳಲ್ಲಿ ಸತ್ತವರು 541, 2020ರಲ್ಲಿ 204.

ಅಂಚು ತಪ್ಪಿದಾಗ

ರಸ್ತೆ ಬಿಟ್ಟು ಇಳಿದ ವಾಹನಕ್ಕೆ ಮೊದಲು ಬೇಕಾದದ್ದು ಚೇತರಿಸಿಕೊಳ್ಳಲು ಜಾಗ. ಅಂಚು ರಸ್ತೆಯ ಮಟ್ಟಕ್ಕೇ ಇರಬೇಕು, ಇಳಿಜಾರು ಮೆಲ್ಲಗಿರಬೇಕು, ಮರ ಕಂಬ ಬಂಡೆಗಳು ದೂರವಿರಬೇಕು. ನಮ್ಮ ಅನೇಕ ರಸ್ತೆಗಳಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರುತ್ತದೆ, ಪಕ್ಕದ ಮಣ್ಣು ಅಲ್ಲೇ ಉಳಿಯುತ್ತದೆ. ಒಂದು ಗೇಣು ತಗ್ಗಿನ ಈ ಮೆಟ್ಟಿಲಿಗೆ ಬೈಕಿನ ಚಕ್ರ ಜಾರಿದರೆ ಮತ್ತೆ ಮೇಲೇರಿಸುವಾಗ ಸವಾರ ನಡುರಸ್ತೆಗೆ ಎಸೆಯಲ್ಪಡುತ್ತಾನೆ. ಪ್ರತಿ ಬಾರಿ ಡಾಂಬರು ಹಾಕಿದಾಗಲೂ ಅಂಚಿಗೆ ಮಣ್ಣು ತುಂಬಿ ದಮ್ಮಸು ಮಾಡಿದರೆ ಈ ಅನಾಹುತ ತಪ್ಪುತ್ತದೆ. ಅಂಚಿನ ಬಿಳಿ ಪಟ್ಟಿಯನ್ನು ಉಬ್ಬಿಸಿ ಎಳೆದರೆ ಚಕ್ರ ಅದರ ಮೇಲೆ ಹರಿದಾಗ ಗುರ್ರೆಂದು ಸದ್ದಾಗಿ, ತೂಕಡಿಸುವವರು ಎಚ್ಚೆತ್ತುಕೊಳ್ಳುತ್ತಾರೆ.

ಪ್ರಪಾತ, ಕೆರೆ, ಸೇತುವೆಯ ಕಂಬ ಇರುವಲ್ಲಿ ತಡೆಬೇಲಿ ಬೇಕು. ಅಲೆಯಂತೆ ಮಡಚಿದ ತಗಡಿನ ಬೇಲಿ ವಾಹನದ ರಭಸವನ್ನು ತಾನು ಬಾಗಿ ಹೀರಿಕೊಳ್ಳುತ್ತದೆ. ಆದರೆ ಬೇಲಿ ಶುರುವಾಗುವ ತುದಿಯನ್ನು ಹಾಗೆಯೇ ಚಾಚಿ ಬಿಟ್ಟರೆ ಅದು ಈಟಿಯಂತೆ ಕಾರನ್ನು ಸೀಳಿಕೊಂಡು ಒಳಬರುತ್ತದೆ. ತುದಿಯನ್ನು ರಸ್ತೆಯಿಂದ ಆಚೆಗೆ ಬಾಗಿಸಬೇಕು, ಇಲ್ಲವೇ ಗುದ್ದಿದಾಗ ಕುಗ್ಗುವ ತಲೆಯನ್ನು ಅದಕ್ಕೆ ಜೋಡಿಸಬೇಕು.

ದಾರಿ ಎರಡಾಗಿ ಕವಲೊಡೆಯುವ ಕಡೆ, ಮೇಲ್ಸೇತುವೆಯ ಮೂತಿಯಲ್ಲಿ, ಹಳದಿ ಪೀಪಾಯಿಗಳನ್ನು ಸಾಲಾಗಿ ಇಟ್ಟಿರುವುದು ಹಲವು ದೇಶಗಳಲ್ಲಿ ಕಾಣುತ್ತದೆ. ಇದು ಅಮೆರಿಕದ ರೇಸ್ ಚಾಲಕ ಜಾನ್ ಫಿಚ್ ಕೊಟ್ಟ ಸಾಧನ. 1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್ಸ್ ರೇಸಿನಲ್ಲಿ ಅವರ ಜೊತೆಗಾರ ಪಿಯರ್ ಲೆವೆ ಓಡಿಸುತ್ತಿದ್ದ ಕಾರು ಪ್ರೇಕ್ಷಕರತ್ತ ಸಿಡಿದು 80ಕ್ಕೂ ಹೆಚ್ಚು ಜನ ಸತ್ತರು. ಅದೇ ಕಾರನ್ನು ಮುಂದಿನ ಸರದಿಯಲ್ಲಿ ಓಡಿಸಬೇಕಿದ್ದವರು ಫಿಚ್. ಮುಂದೆ ಅವರು ರಸ್ತೆ ಸುರಕ್ಷತೆಗೆ ದುಡಿದರು. ಅವರ ಪೀಪಾಯಿಗಳಲ್ಲಿ ಮುಂದಿನದಕ್ಕೆ ಮರಳು ಕಡಿಮೆ, ಹಿಂದಿನದಕ್ಕೆ ಹೆಚ್ಚು. ಕಾರು ಒಂದೊಂದನ್ನೇ ಒಡೆಯುತ್ತ, ಮರಳನ್ನು ಚೆಲ್ಲುತ್ತ, ಹಂತಹಂತವಾಗಿ ವೇಗ ಕಳೆದುಕೊಂಡು ಗೋಡೆ ತಾಗುವ ಮುನ್ನ ನಿಲ್ಲುತ್ತದೆ.

ಕೂಡುರಸ್ತೆಯ ಲೆಕ್ಕ

ನಾಲ್ಕು ರಸ್ತೆಗಳು ಕೂಡುವ ಸಾಮಾನ್ಯ ಚೌಕದಲ್ಲಿ ವಾಹನಗಳ ದಾರಿಗಳು ಒಂದನ್ನೊಂದು ಸಂಧಿಸುವ ಬಿಂದುಗಳು 32. ಅಲ್ಲಿ ಒಂದು ಪಥದ ವೃತ್ತ ಕಟ್ಟಿದರೆ ಅವು 8ಕ್ಕೆ ಇಳಿಯುತ್ತವೆ. ವೃತ್ತದೊಳಗೆ ಎಲ್ಲರೂ ಒಂದೇ ದಿಕ್ಕಿಗೆ ಸುತ್ತುವುದರಿಂದ ಎದುರುಬದುರಾಗುವ ಮಾತಿಲ್ಲ. ಬಳಸಿ ಹೋಗಬೇಕಾದ್ದರಿಂದ ವೇಗವೂ ತಾನಾಗಿ ತಗ್ಗುತ್ತದೆ, ಡಿಕ್ಕಿಯಾದರೂ ಓರೆಯಾಗಿ ಸವರುತ್ತದೆ. ಒಳಗಿರುವ ವಾಹನಕ್ಕೇ ಮೊದಲ ದಾರಿ, ಹೊರಗಿನಿಂದ ಬರುವವರು ಕಾಯಬೇಕು ಎಂಬ ನಿಯಮವನ್ನು ಬ್ರಿಟನ್ 1966ರಲ್ಲಿ ತಂದ ಮೇಲೆ ವೃತ್ತಗಳು ಕಗ್ಗಂಟಾಗದೆ ಹರಿಯತೊಡಗಿದವು. ಮೈಸೂರಿನಂಥ ವೃತ್ತಗಳ ಊರಿನಲ್ಲೂ ಬಲದಿಂದ ಬರುವವರಿಗೆ ದಾರಿ ಬಿಡುವ ಈ ನಿಯಮವೇ ವೃತ್ತದ ಜೀವಾಳ.

ಕತ್ತಲಲ್ಲಿ ದಾರಿ

ರಾತ್ರಿ ಚಾಲಕರಿಗೆ ಕಾಣುವುದು ಹೆಡ್‌ಲೈಟಿನ ಬೆಳಕಿನಲ್ಲಿ ಮರಳಿ ಹೊಳೆಯುವುದಷ್ಟೇ. ರಸ್ತೆಗೆ ಬಳಿಯುವ ಥರ್ಮೋಪ್ಲಾಸ್ಟಿಕ್ ಪಟ್ಟಿಯಲ್ಲಿ ಸಾಸಿವೆಗಿಂತ ಸಣ್ಣ ಗಾಜಿನ ಮಣಿಗಳು ಹುದುಗಿರುತ್ತವೆ. ಬೆಳಕು ಮಣಿಯೊಳಗೆ ಹೊಕ್ಕು, ಬಂದ ದಿಕ್ಕಿಗೇ ತಿರುಗಿ ಚಾಲಕರ ಕಣ್ಣಿಗೆ ಬರುತ್ತದೆ. ಮಣಿ ಉದುರಿದ ಪಟ್ಟಿ ಹಗಲು ಬೆಳ್ಳಗೆ ಕಂಡರೂ ರಾತ್ರಿ ಮಾಯವಾಗುತ್ತದೆ. ಇಂಗ್ಲೆಂಡಿನ ಪರ್ಸಿ ಶಾ 1934ರಲ್ಲಿ ಪೇಟೆಂಟ್ ಪಡೆದ ‘ಬೆಕ್ಕಿನ ಕಣ್ಣು’ ಇದೇ ಗುಣದ ಗಾಜಿನ ಗುಂಡಿಗಳನ್ನು ರಸ್ತೆಯ ನಡುವೆ ಕೂರಿಸಿತು. ಚಕ್ರ ಹರಿದಾಗ ರಬ್ಬರಿನ ರೆಪ್ಪೆ ಗಾಜನ್ನು ಒರೆಸುವಂತೆ ಅದನ್ನು ರೂಪಿಸಲಾಗಿತ್ತು. ಮಂಜು ಮುಸುಕಿದ ದಾರಿಯಲ್ಲಿ ಇಂಥ ಗುಂಡಿಗಳ ಸಾಲು ತಿರುವನ್ನು ಮೊದಲೇ ಬರೆದು ತೋರಿಸುತ್ತದೆ.

ಊರು ಬಂದಾಗ

ಬಯಲಲ್ಲಿ ಓಡಿ ಬಂದ ರಸ್ತೆ ಊರಿಗೆ ಹೊಕ್ಕಾಗಲೂ ಅಷ್ಟೇ ಅಗಲವಾಗಿ, ಅಷ್ಟೇ ನೇರವಾಗಿದ್ದರೆ ಚಾಲಕರ ಕಾಲು ಆಕ್ಸಿಲರೇಟರಿನಿಂದ ಸರಿಯುವುದಿಲ್ಲ. ಮನುಷ್ಯದೇಹ ಎಷ್ಟು ಪೆಟ್ಟು ತಾಳಬಲ್ಲದು ಎಂಬುದರ ಮೇಲೆ ವಿಷನ್ ಝೀರೋ ವೇಗಗಳನ್ನು ಗೊತ್ತುಮಾಡುತ್ತದೆ. ಜನ ನಡೆದಾಡುವಲ್ಲಿ 30, ಪಕ್ಕದಿಂದ ಡಿಕ್ಕಿಯಾಗಬಹುದಾದ ಕೂಡುರಸ್ತೆಯಲ್ಲಿ 50, ಮುಖಾಮುಖಿಯಾಗಬಹುದಾದಲ್ಲಿ 70 ಕಿಲೋಮೀಟರ್. ಪಥವನ್ನು ಕಿರಿದು ಮಾಡುವುದು, ನಡುಗಡ್ಡೆ ಕಟ್ಟುವುದು, ಊರ ಬಾಯಲ್ಲಿ ವೃತ್ತ ಇಡುವುದು ಈ ವೇಗಗಳನ್ನು ಬೋರ್ಡಿನ ನೆರವಿಲ್ಲದೆ ತರುತ್ತವೆ.

ಹಂಪ್‌ಗೂ ಅಳತೆಯಿದೆ. ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, 25 ಕಿಲೋಮೀಟರ್ ವೇಗದಲ್ಲಿ ಹಾಯಾಗಿ ದಾಟುವಂಥ ನುಣುಪು ಕಮಾನು. ಒಂದಡಿ ಅಗಲಕ್ಕೆ ರಾಶಿ ಹಾಕಿದ, ಬಣ್ಣವಿಲ್ಲದ, ಮುನ್ಸೂಚನೆಯ ಫಲಕವಿಲ್ಲದ ದಿಬ್ಬ ರಾತ್ರಿಯ ಬೈಕ್ ಸವಾರನಿಗೆ ಬಲೆಯಾಗುತ್ತದೆ.

ಹೆದ್ದಾರಿ ಬದಿಯ ಹಳ್ಳಿಗರು ಡಿವೈಡರ್ ಒಡೆದು ದಾರಿ ಮಾಡಿಕೊಳ್ಳುವುದನ್ನೂ, ಟ್ರ್ಯಾಕ್ಟರ್ ಎದುರುದಿಕ್ಕಿನಲ್ಲಿ ಬರುವುದನ್ನೂ ಅಶಿಸ್ತು ಎಂದಷ್ಟೇ ಕರೆದರೆ ಸಾಲದು. ಹೊಲ ಆಚೆ, ಮನೆ ಈಚೆ, ಅಂಡರ್‌ಪಾಸ್ ಮೈಲಿ ದೂರ ಎಂದಾದರೆ ತಪ್ಪು ನಕ್ಷೆಯಲ್ಲೇ ಇದೆ. ಅಂಡರ್‌ಪಾಸ್, ಸರ್ವಿಸ್ ರಸ್ತೆಗಳು ಜನರ ನಿತ್ಯದ ನಡೆಯನ್ನು ನೋಡಿ ಜಾಗ ಹುಡುಕಿಕೊಳ್ಳಬೇಕು.

ಪರಿಶೀಲನೆ ಮತ್ತು ಹೊಣೆ

ಇವೆಲ್ಲ ಸರಿಯಾಗಿವೆಯೇ ಎಂದು ನೋಡುವ ಕ್ರಮಕ್ಕೆ ರಸ್ತೆ ಸುರಕ್ಷತಾ ಆಡಿಟ್ ಎನ್ನುತ್ತಾರೆ. ವಿನ್ಯಾಸದಲ್ಲಿ ಕೈಯಿಡದ ತಜ್ಞರು ನಕ್ಷೆಯ ಹಂತದಲ್ಲಿ, ಕಾಮಗಾರಿಯ ವೇಳೆ, ಸಂಚಾರಕ್ಕೆ ಬಿಡುವ ಮುನ್ನ ಹಗಲೂ ರಾತ್ರಿಯೂ ಸಾಗಿ ದೋಷ ಪಟ್ಟಿ ಮಾಡುತ್ತಾರೆ. ಮುಗಿದ ರಸ್ತೆಯಲ್ಲಿ ‘ಬ್ಲಾಕ್‌ಸ್ಪಾಟ್’ ಗುರುತಿಸಲು ರಾಷ್ಟ್ರೀಯ ಹೆದ್ದಾರಿಗಳಿಗೆ ಒಂದು ಮಾನದಂಡವಿದೆ. ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತಗಳು, ಇಲ್ಲವೇ ಹತ್ತು ಸಾವು. ಆಡಿಟ್ ಈ ಎಣಿಕೆ ಶುರುವಾಗುವ ಮೊದಲೇ ದೋಷ ಹಿಡಿಯುತ್ತದೆ.

ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಮೊದಲ ತಿಂಗಳುಗಳಲ್ಲೇ ಸಾವುಗಳು ಕಳವಳ ಹುಟ್ಟಿಸಿದವು. ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥಗಳಿಂದ ಸರ್ವಿಸ್ ರಸ್ತೆಗೆ ಕಳಿಸಲಾಯಿತು, ವೇಗ ಅಳೆಯುವ ಕ್ಯಾಮೆರಾಗಳು ಬಂದವು, ಸಾವಿನ ಸಂಖ್ಯೆ ಇಳಿಯಿತು. ಬೇರೆ ಬೇರೆ ವೇಗದ ವಾಹನಗಳನ್ನು ಬೇರ್ಪಡಿಸಬೇಕೆಂಬ ಪಾಠ ಸಂಚಾರಕ್ಕೆ ಬಿಡುವ ಮುನ್ನವೇ ಜಾರಿಯಾಗಬೇಕಾದದ್ದು.

ಕಾನೂನೂ ಈಗ ರಸ್ತೆ ಕಟ್ಟುವವರತ್ತ ತಿರುಗಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಮಿನ ಪ್ರಕಾರ, ನಿಗದಿತ ಮಾನದಂಡಗಳನ್ನು ಪಾಲಿಸದೆ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣರಾದ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಹೋದ ಜೀವದ ಮುಂದೆ ಅದು ಸಣ್ಣ ಮೊತ್ತವೇ. ಆದರೂ ಅಪಘಾತದ ಕಾರಣ ಹುಡುಕುವಾಗ ಚಾಲಕರ ಲೈಸೆನ್ಸಿನ ಜೊತೆಗೆ ರಸ್ತೆಯ ನಕ್ಷೆಯನ್ನೂ ಬಿಚ್ಚಿ ನೋಡಲು ಈ ಕಲಮು ದಾರಿ ಮಾಡಿಕೊಟ್ಟಿದೆ.