ಕೆಫೆ ಮೇಜಿನ ಬಳಿಯ ಸೇವೆ

ಓದಲು ಬ್ರಿಟನ್ನಿಗೆ ಹೊರಟ ನಮ್ಮ ಸಭೆಯ ಮಕ್ಕಳು ಆಗಾಗ ಕೇಳುತ್ತಾರೆ: ಅಲ್ಲಿ ವಿದ್ಯಾರ್ಥಿಗಳ ನಡುವೆ ಸೇವೆ ಮಾಡಬೇಕೆಂದರೆ ಯಾರನ್ನು ಕಾಣಬೇಕು, ಏನು ಕೆಲಸ ಕೊಡುತ್ತಾರೆ? ಸುವಾರ್ತಾ ಸೇವೆ ಅಂದಕೂಡಲೇ ಅವರ ಕಣ್ಣಮುಂದೆ ಕರಪತ್ರ, ಮೈಕು, ಬೀದಿಯ ಪ್ರಸಂಗ ಬರುತ್ತವೆ. ಅಲ್ಲಿ ಕೈಗೆ ಬರುವುದು ಬಹುಪಾಲು ಚಹಾದ ಕೆಟಲ್ಲು ಮತ್ತು ಪಾತ್ರೆ ಒರೆಸುವ ಬಟ್ಟೆ.

ಸೇರಿಕೊಳ್ಳಲು ಎರಡು ದಾರಿಗಳಿವೆ. ಒಂದು, ವಿದ್ಯಾರ್ಥಿಗಳೇ ನಡೆಸುವ ಕ್ರಿಶ್ಚಿಯನ್ ಯೂನಿಯನ್. ಕೇಂಬ್ರಿಡ್ಜಿನ ಯೂನಿಯನ್ 1877ರಷ್ಟು ಹಳೆಯದು. ಇಂಥವುಗಳಿಗೆ ಬೆನ್ನೆಲುಬಾದ ಯುಸಿಸಿಎಫ್ ಸಂಸ್ಥೆ ಶುರುವಾದದ್ದು 1928ರಲ್ಲಿ. ಅದು 1947ರಲ್ಲಿ ಹುಟ್ಟಿದ ಐಎಫ್‌ಇಎಸ್ ಎಂಬ ಜಾಗತಿಕ ಬಳಗಕ್ಕೆ ಸೇರಿದೆ. ನಮ್ಮ ಕಾಲೇಜುಗಳಲ್ಲಿ ಇ.ಯು. ಎಂಬ ವಿದ್ಯಾರ್ಥಿ ಪ್ರಾರ್ಥನಾ ಗುಂಪುಗಳನ್ನು ನಡೆಸುವ ಯುಇಎಸ್‌ಐ ಸಂಸ್ಥೆ ಕೂಡ ಅದೇ ಬಳಗದ್ದು. ಹಾಗಾಗಿ ಬೆಂಗಳೂರಿನಲ್ಲೋ ಧಾರವಾಡದಲ್ಲೋ ಇ.ಯು. ಪ್ರಾರ್ಥನೆಗೆ ಕೂತು ಅಭ್ಯಾಸವಿದ್ದವರಿಗೆ ಅಲ್ಲಿ ಪರಕೀಯ ಅನ್ನಿಸುವುದಿಲ್ಲ. ಇನ್ನೊಂದು ದಾರಿ ಊರಿನ ಸಭೆಗಳದು. ಫ್ರೆಂಡ್ಸ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ 1985ರಿಂದ ವಿದೇಶಿ ವಿದ್ಯಾರ್ಥಿಗಳಿಗೆಂದೇ ಸಭೆಗಳ ಜೊತೆ ದುಡಿಯುತ್ತಿದೆ. ಕೆಲಸಕ್ಕೋ ಸಂಸಾರದೊಂದಿಗೋ ಅಲ್ಲಿ ನೆಲೆಸಿದವರಿಗೆ ಈ ದಾರಿ ಹೆಚ್ಚು ಒಗ್ಗುತ್ತದೆ.

ಯೂನಿಯನ್‌ಗಳ ಒಂದು ಪದ್ಧತಿ ನನಗೆ ಬಹಳ ಹಿಡಿಸಿದೆ. ರಾತ್ರಿ ಯಾರಾದರೂ ಹಾಸ್ಟೆಲಿನಿಂದ ದೇವರ ಬಗ್ಗೆ ಒಂದು ಪ್ರಶ್ನೆ ಮೆಸೇಜ್ ಮಾಡಿದರೆ, ಬಿಸಿ ಟೋಸ್ಟ್ ಸ್ಯಾಂಡ್‌ವಿಚ್ ಹಿಡಿದು ಇಬ್ಬರು ಅವರ ಬಾಗಿಲಿಗೆ ಹೋಗಿ ಉತ್ತರಿಸಲು ಯತ್ನಿಸುತ್ತಾರೆ. ಪ್ರಶ್ನೆಯೂ ಅವರದು, ಬಾಗಿಲೂ ಅವರದು. ಮಾತು ಸಾಕೆನಿಸಿದರೆ ಸ್ಯಾಂಡ್‌ವಿಚ್ ತೆಗೆದುಕೊಂಡು ಬಾಗಿಲು ಹಾಕಿಕೊಳ್ಳಬಹುದು.

ಸಭೆಗಳು ನಡೆಸುವ ಸಂಜೆಯ ಕೂಟಕ್ಕೆ ಹಲವು ಊರುಗಳಲ್ಲಿ ಗ್ಲೋಬ್ ಕೆಫೆ ಎಂದು ಹೆಸರು. ಒಬ್ಬರು ಬಾಗಿಲಲ್ಲಿ ನಿಂತು ಹೆಸರಿನ ಚೀಟಿ ಬರೆಯುತ್ತಾರೆ, ಇಬ್ಬರು ಅಡುಗೆಮನೆಯಲ್ಲಿ, ಉಳಿದವರು ಮೇಜಿಗೊಬ್ಬರಂತೆ. ಮೇಜಿನ ಬಳಿ ಕೂರುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಎದುರಿಗಿರುವವರು ಚೀನಾದವರೋ ನೈಜೀರಿಯಾದವರೋ ಆಗಿರಬಹುದು. ಅವರ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿಯುವುದು, ನಿಧಾನವಾಗಿ ಮಾತಾಡುವುದು, ಮುಂದಿನ ವಾರ ‘ನಿಮ್ಮ ಪರೀಕ್ಷೆ ಏನಾಯಿತು?’ ಎಂದು ನೆನಪಿಟ್ಟು ಕೇಳುವುದು. ಪ್ರತಿ ವಾರ ಹೊಸ ಮುಖ ಹುಡುಕುವ ಸ್ವಯಂಸೇವಕರಿಗಿಂತ ಇಬ್ಬರನ್ನೇ ವರ್ಷವಿಡೀ ವಿಚಾರಿಸಿಕೊಳ್ಳುವವರು ಹೆಚ್ಚು ಬೇಕು.

ಊಟದ ಬಗ್ಗೆ ಒಂದು ಮಾತು. ಅಲ್ಲಿ ‘ವೆಜಿಟೇರಿಯನ್’ ಅಂದರೆ ಮೊಟ್ಟೆ ಸೇರಿರಬಹುದು. ನಮ್ಮ ಕಡೆಯ ಹುಡುಗಿಯೊಬ್ಬಳು ಕೇಕ್ ಮುಟ್ಟದೆ ಕೂತಿದ್ದರೆ ಅದು ಸಂಕೋಚ ಮಾತ್ರವಲ್ಲ. ಮಕ್ಕಳ ಮಿಠಾಯಿಯಲ್ಲೂ ಹಂದಿಯ ಜೆಲಟಿನ್ ಇರಬಹುದಾದ್ದರಿಂದ ಮುಸ್ಲಿಂ ವಿದ್ಯಾರ್ಥಿಗಳು ಬರುವಲ್ಲಿ ಪೊಟ್ಟಣ ಓದಿಯೇ ಬಡಿಸಬೇಕು. ಪ್ರತಿ ತಿನಿಸಿನ ಮುಂದೆ ಅದರಲ್ಲಿ ಏನಿದೆ ಎಂದು ಚೀಟಿ ಇಡುವುದು ಒಳ್ಳೆಯದು.

ಎಲ್ಲಕ್ಕಿಂತ ದೊಡ್ಡದು ಪ್ರಾಮಾಣಿಕತೆ. ‘ಉಚಿತ ಇಂಗ್ಲಿಷ್ ಸಂಭಾಷಣೆ’ ಎಂದಷ್ಟೇ ಹಾಕಿ ಕರೆದು ಒಳಗೆ ಪ್ರಸಂಗ ಮಾಡುವುದು ಮೋಸ. ನಡೆಸುವವರು ಕ್ರೈಸ್ತರು ಎಂಬುದು ಭಿತ್ತಿಪತ್ರದಲ್ಲೇ ಕಾಣಬೇಕು. ಸತ್ಯವೇದದ ಅಧ್ಯಯನ ಬೇರೆ ಹೊತ್ತಿನಲ್ಲಿ, ಇಷ್ಟಪಟ್ಟು ಬರುವವರಿಗೆ. 1977ರಲ್ಲಿ ಲಂಡನ್ನಿನ ಹೋಲಿ ಟ್ರಿನಿಟಿ ಬ್ರಾಂಪ್ಟನ್ ಚರ್ಚಿನಲ್ಲಿ ಶುರುವಾದ ಆಲ್ಫಾ ತರಗತಿಯೂ ಊಟ, ಭಾಷಣ, ಚರ್ಚೆ ಎಂದು ಸಾಗುತ್ತದೆ; ಚರ್ಚೆಯಲ್ಲಿ ಒಪ್ಪದೇ ಇರಲು ಪೂರ್ತಿ ಸ್ವಾತಂತ್ರ್ಯ. ಕಡೆಯವರೆಗೂ ನಂಬದವರನ್ನೂ ಮುಂದಿನ ವಾರ ಅದೇ ಪ್ರೀತಿಯಿಂದ ಕರೆಯಲಾಗದಿದ್ದರೆ ನಾವು ಕೊಟ್ಟದ್ದು ಸ್ನೇಹವೇ ಅಲ್ಲ.

ಅವರ ಗುಟ್ಟು ಕಾಪಾಡುವುದೂ ಸ್ನೇಹದ ಭಾಗವೇ. ಅದನ್ನು ನಾನು ತಪ್ಪು ಮಾಡಿಯೇ ಕಲಿತೆ. ಅಲ್ಲಿ ಸೇವೆಗೆ ಸೇರಿದ ಮೊದಲ ತಿಂಗಳಲ್ಲಿ ಒಬ್ಬ ವಿದ್ಯಾರ್ಥಿನಿಯ ಮನೆಯ ಕಷ್ಟವನ್ನು ಅವಳ ಹೆಸರು ಸಮೇತ ಪ್ರಾರ್ಥನೆಯ ವಾಟ್ಸಾಪ್ ಗುಂಪಿಗೆ ಬರೆದೆ. ಅವಳಿಗೆ ತಿಳಿಯಿತು. ಅವಳು ಮತ್ತೆ ಬರಲಿಲ್ಲ. ಅಂದಿನಿಂದ ಕೇಳದೆ ಯಾರ ಹೆಸರನ್ನೂ ಬರೆಯುವುದಿಲ್ಲ, ಯಾರ ಫೋಟೋವನ್ನೂ ಹಾಕುವುದಿಲ್ಲ. ಕೆಲವು ದೇಶಗಳವರಿಗೆ ಚರ್ಚಿನಲ್ಲಿ ಕೂತ ಒಂದು ಚಿತ್ರವೇ ಊರಿನಲ್ಲಿ ಅಪಾಯ ತರಬಲ್ಲದು.

ವೀಸಾ ವಿಷಯದಲ್ಲಿ ಎಚ್ಚರ ಬೇಕು. ವಿಸಿಟರ್ ವೀಸಾದಲ್ಲಿ ನೋಂದಾಯಿತ ಚಾರಿಟಿಗೆ ಒಟ್ಟು 30 ದಿನ ಮೀರದಂತೆ ಸ್ವಯಂಸೇವೆ ಮಾಡಬಹುದು, ಆದರೆ ಪ್ರವಾಸದ ಮುಖ್ಯ ಉದ್ದೇಶ ಅದಾಗಿರಬಾರದು. ವಿದ್ಯಾರ್ಥಿ ವೀಸಾದವರು ವಾರಕ್ಕೊಂದು ಸಂಜೆ ಕೈಜೋಡಿಸಲು ಅಡ್ಡಿಯಿಲ್ಲ. ಕರಾರು, ಗೊತ್ತಾದ ಗಂಟೆ ಬಂದರೆ ಸಂಬಳವಿಲ್ಲದಿದ್ದರೂ ಅದನ್ನು ಕೆಲಸವೆಂದೇ ಎಣಿಸುತ್ತಾರೆ, ಪದವಿ ಓದುವವರಿಗಿರುವ ವಾರದ 20 ಗಂಟೆಯ ಮಿತಿಯೊಳಗೆ ಸೇರಿಸುತ್ತಾರೆ. ವರ್ಷಪೂರ್ತಿ ಸೇವೆಗೇ ಹೋಗುವವರಿಗೆ ಚಾರಿಟಿ ವರ್ಕರ್ ವೀಸಾ ಇದೆ: ಗರಿಷ್ಠ 12 ತಿಂಗಳು, ಸಂಬಳವಿಲ್ಲ, ಪರವಾನಗಿ ಇರುವ ಸಂಸ್ಥೆಯ ಪ್ರಾಯೋಜನೆ ಬೇಕು. ಸಂಸ್ಥೆ ಪೊಲೀಸ್ ಪರಿಶೀಲನಾ ಪತ್ರವನ್ನೂ ಸಭಾಪಾಲಕರ ಶಿಫಾರಸನ್ನೂ ಕೇಳಬಹುದು. ಊರಿನಲ್ಲಿರುವಾಗಲೇ ಮಾಡಿಸಿಕೊಂಡರೆ ಸುಲಭ.

ಕೈಗಳು ಅತಿ ಹೆಚ್ಚು ಬೇಕಾಗುವುದು ಡಿಸೆಂಬರಿನಲ್ಲಿ. ನಾಲ್ಕು ಗಂಟೆಗೇ ಕತ್ತಲು. ಇಂಗ್ಲಿಷ್ ವಿದ್ಯಾರ್ಥಿಗಳು ಮನೆಗೆ ಹೋಗಿ ಹಾಸ್ಟೆಲು ಖಾಲಿ. 25ರಂದು ರೈಲು ಓಡುವುದಿಲ್ಲ, ದೊಡ್ಡ ಅಂಗಡಿಗಳು ಕಾನೂನಿನಂತೆ ಮುಚ್ಚಿರುತ್ತವೆ. ಆ ದಿನ ಮನೆಗೆ ಊಟಕ್ಕೆ ಕರೆಯುವವರು ಕಾರಿನಲ್ಲಿ ಕರೆದೊಯ್ದು ಮತ್ತೆ ತಂದುಬಿಡಬೇಕಾಗುತ್ತದೆ. ಇಡೀ ವರ್ಷದಲ್ಲಿ ಒಂದೇ ದಿನ ಸೇವೆ ಮಾಡಲು ಸಾಧ್ಯವೆನ್ನುವವರಿಗೆ ನಾನು ಹೇಳುವುದು ಈ ದಿನವನ್ನೇ.

ಪ್ರಬಂಧ ಮುಗಿಸಿ ಊರಿಗೆ ಮರಳುವವರ ರೈಸ್ ಕುಕ್ಕರ್, ರಜಾಯಿ, ಬಾಣಲೆಗಳು ವಿಮಾನ ಹತ್ತುವುದಿಲ್ಲ. ಅವನ್ನು ತೊಳೆದು ಒಣಗಿಸಿ ಸಭಾಂಗಣದ ಕಪಾಟಿನಲ್ಲಿ ಜೋಡಿಸಿಡುತ್ತೇವೆ. ಸೆಪ್ಟೆಂಬರ್ ಕೊನೆಗೆ ಎರಡು ಸೂಟ್‌ಕೇಸ್ ಹಿಡಿದು ಬಂದಿಳಿಯುವ ಹೊಸಬರಿಗೆ ಮೊದಲು ಬೇಕಾಗುವುದು ಅವೇ.