ಮಡಿಲು ಬರಿದಾದಾಗ

ಗುರುತಿಗೆ ಬಂದ ಪ್ರತಿ 100 ಗರ್ಭಗಳಲ್ಲಿ 10ರಿಂದ 15 ನಡುವಿನಲ್ಲಿಯೇ ಸ್ರಾವವಾಗಿ ಹೋಗುತ್ತವೆ. ಇವುಗಳ ಹೊರತಾಗಿ, 28 ವಾರ ತುಂಬಿದ ಬಳಿಕ ಉಸಿರಿಲ್ಲದೆ ಹುಟ್ಟಿದ ಶಿಶುಗಳು 2021ರಲ್ಲಿ ಜಗತ್ತಿನಾದ್ಯಂತ ಸುಮಾರು 19 ಲಕ್ಷವಿದ್ದುವೆಂದು ವಿಶ್ವಸಂಸ್ಥೆಯ ಅಂದಾಜು. ಇಷ್ಟು ವ್ಯಾಪಕವಾದ ದುಃಖವನ್ನು ಕುರಿತು ನಾವು ಆಡುವ ಮಾತು ಬಹಳ ಕಡಮೆ. ಆಡಿದರೂ ಎಂತಹ ಮಾತು! ಬಸುರಿ ಭಾರ ಎತ್ತಿದಳೆಂದು ಒಬ್ಬರು, ಪ್ರಯಾಣ ಮಾಡಿದಳೆಂದು ಇನ್ನೊಬ್ಬರು, ತಿನ್ನಬಾರದ್ದನ್ನು ತಿಂದಳೆಂದು ಮತ್ತೊಬ್ಬರು. ಕೊನೆಗೆ ಆಕೆಯೂ ಅದನ್ನೇ ನಂಬುತ್ತಾಳೆ.

ನಿಜಸಂಗತಿ ಬೇರೆ. ಮೊದಲ ಮೂರು ತಿಂಗಳೊಳಗಿನ ಗರ್ಭಸ್ರಾವಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮುಗಳ ದೋಷವೇ ಕಾರಣ. 46 ಇರಬೇಕಾದೆಡೆ 45 ಅಥವಾ 47 ಇರುತ್ತವೆ. ಕೆಲವೊಮ್ಮೆ 69 ಇರುವುದೂ ಉಂಟು. ಈ ತಪ್ಪು ಬಹುಮಟ್ಟಿಗೆ ಅಂಡವೋ ವೀರ್ಯಾಣುವೋ ರೂಪುಗೊಳ್ಳುವಾಗ, ಅಂದರೆ ಬಸುರು ನಿಲ್ಲುವ ಮೊದಲೇ, ನಡೆದುಹೋಗಿರುತ್ತದೆ. ಆಮೇಲೆ ತಾಯಿ ಏನನ್ನು ತಿಂದರೂ ಎತ್ತಿದರೂ ಆ ಎಣಿಕೆ ಬದಲಾಗದು. ಇದನ್ನು ಪುಸ್ತಕದಲ್ಲಿ ಓದಿ ತಿಳಿಯುವುದು ನಮಗೆ ಸುಲಭ. ರಕ್ತ ಹೋಗಿ ಬೆದರಿದ ಹೆಂಗಸಿನ ಪಕ್ಕದಲ್ಲಿ ಕುಳಿತು, ಆಕೆಗೆ ಅರ್ಥವಾಗುವ ನುಡಿಯಲ್ಲಿ, ಕೇಳಿದಷ್ಟು ಸಲವೂ ಹೇಳಬೇಕಾದವರು ದಾದಿಯರು.

ಈ ಕೆಲಸಕ್ಕೆ ಒಳ್ಳೆಯ ಮನಸ್ಸೊಂದಿದ್ದರೆ ಸಾಕೆಂದು ತಿಳಿದವರೇ ಹೆಚ್ಚು. ಅದೂ ಕಲಿಯಬೇಕಾದ, ಪರೀಕ್ಷಿಸಿ ನೋಡಬಹುದಾದ ವಿದ್ಯೆಯೆಂದು ತೋರಿಸಿದವರಲ್ಲಿ ಅಮೆರಿಕದ ಕ್ರಿಸ್ಟನ್ ಸ್ವಾನ್ಸನ್ ಒಬ್ಬರು. ಅವರೂ ವೃತ್ತಿಯಿಂದ ದಾದಿಯೇ. ಗರ್ಭ ಕಳೆದುಕೊಂಡ ಹೆಂಗಸರ ಅನುಭವವನ್ನು ಅವರ ಬಾಯಿಂದಲೇ ಕೇಳಿ ಆರಂಭಿಸಿದ ಅಧ್ಯಯನವನ್ನು ಬೆಳೆಸಿ, 1991ರಲ್ಲಿ ಅವರು ಶುಶ್ರೂಷೆಯ ತತ್ತ್ವವೊಂದನ್ನು ಪ್ರಕಟಿಸಿದರು. ಈ ನಷ್ಟ ಈ ತಾಯಿಗೆ ಏನೆಂಬುದನ್ನು ಊಹಿಸದೆ ಕೇಳಿ ತಿಳಿಯುವುದು ಅದರಲ್ಲಿ ಮೊದಲನೆಯದು. ಒಬ್ಬಳಿಗೆ ಅದು ಆಗಲೇ ಹೆಸರಿಟ್ಟಿದ್ದ ಮಗು, ಇನ್ನೊಬ್ಬಳಿಗೆ ಹಾಗಿರಲಾರದು.

2009ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ 341 ದಂಪತಿಗಳಿದ್ದರು. ಚೀಟಿ ಎತ್ತಿದಂತೆ ಇವರನ್ನು ನಾಲ್ಕು ಗುಂಪು ಮಾಡಲಾಯಿತು. ಒಂದು ಗುಂಪಿಗೆ ದಾದಿಯೊಡನೆ ಮೂರು ಸಲ ಮಾತುಕತೆ. ಇನ್ನೊಂದಕ್ಕೆ ವಿಡಿಯೋ ಮತ್ತು ಅಭ್ಯಾಸಪುಸ್ತಕ. ಮೂರನೆಯದಕ್ಕೆ ಒಂದು ಸಲದ ಮಾತುಕತೆಯೊಡನೆ ವಿಡಿಯೋ ಮತ್ತು ಅಭ್ಯಾಸಪುಸ್ತಕ. ನಾಲ್ಕನೆಯದಕ್ಕೆ ಇವಾವುವೂ ಇಲ್ಲ. ಶೋಕವನ್ನೂ ಖಿನ್ನತೆಯನ್ನೂ ಇಳಿಸುವುದರಲ್ಲಿ ಎಲ್ಲಕ್ಕಿಂತ ವ್ಯಾಪಕವಾಗಿ ನೆರವಾದುದು ದಾದಿಯ ಮಾತುಕತೆ. ಗಂಡಂದಿರನ್ನೂ ಲೆಕ್ಕಕ್ಕೆ ತೆಗೆದುಕೊಂಡುದು ಈ ಪರೀಕ್ಷೆಯ ಹಿರಿಮೆಯೆಂದು ನಮ್ಮ ಎಣಿಕೆ. ವಾರ್ಡಿನ ಹೊರಗೆ ನಿಂತ ಗಂಡಸನ್ನು ಔಷಧಿ ತರಲು ಓಡಿಸುವುದಕ್ಕಲ್ಲದೆ ಬೇರೆ ಯಾರು ಮಾತನಾಡಿಸುತ್ತಾರೆ?

ವಿದ್ಯೆಯೆಂದಮೇಲೆ ಅದರಲ್ಲಿ ತಿದ್ದುಪಡಿಯೂ ಇರಬೇಕಷ್ಟೆ. ಬ್ರಿಟನ್ನಿನಲ್ಲಿ 1970ರ ದಶಕದವರೆಗೂ ಮೃತಶಿಶುವನ್ನು ತಾಯಿಯ ಕಣ್ಣಿಗೆ ಬೀಳದಂತೆ ಸಾಗಿಸಿಬಿಡುವುದು ರೂಢಿಯಾಗಿತ್ತು. ಕಾಣದ ಮಗುವಿಗಾಗಿ ಶೋಕಿಸುವುದು ದುಸ್ಸಾಧ್ಯವೆಂದು 1976ರಲ್ಲಿ ಎಮಾನುಯೆಲ್ ಲೂಯಿಸ್ ಎಂಬ ಮನೋವೈದ್ಯರು ವಾದಿಸಿದರು. ಕ್ರಮೇಣ ರೂಢಿ ತಿರುಗಿತು. ಮಗುವನ್ನು ನೋಡಿ, ಎತ್ತಿಕೊಳ್ಳಿರೆಂದು ತಾಯಂದಿರನ್ನು ಪ್ರೇರಿಸತೊಡಗಿದರು. 2002ರಲ್ಲಿ ಅಲ್ಲಿಯದೇ ಒಂದು ಸಣ್ಣ ಅಧ್ಯಯನ, ಹಾಗೆ ಎತ್ತಿಕೊಂಡವರಲ್ಲಿ ಮುಂದಿನ ಬಸುರಿನ ಕಾಲದಲ್ಲಿ ಖಿನ್ನತೆ ಹೆಚ್ಚಾಗಿ ಕಂಡಿತೆಂದು ಹೇಳಿತು. ಆದರೆ ತಮಗೆ ಬೇಕೆನಿಸಿದಷ್ಟು ಹೊತ್ತು ಮಗುವಿನ ಜೊತೆ ಇರಲಾಗದವರಲ್ಲಿಯೇ ಖಿನ್ನತೆಯ ಲಕ್ಷಣಗಳು ಹೆಚ್ಚೆಂದು 1996ರಲ್ಲಿ ಸ್ವೀಡನ್ನಿನ ಅಧ್ಯಯನವೊಂದು ಕಂಡುಕೊಂಡಿತ್ತು. ಇವೆರಡನ್ನೂ ಬಲ್ಲ ದಾದಿ ಇಂದು ಒತ್ತಾಯಿಸುವುದೂ ಇಲ್ಲ, ತಡೆಯುವುದೂ ಇಲ್ಲ. ಮಗು ಹೇಗೆ ಕಾಣುವುದೆಂದು ಮೊದಲೇ ತಿಳಿಸಿ, ತಂದೆತಾಯಿಗಳ ಇಷ್ಟವನ್ನು ಕೇಳುತ್ತಾಳೆ; ಬೇಡವೆಂದವರನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಕೇಳುತ್ತಾಳೆ.

ಇನ್ನೂ ಕಠಿನವಾದುದು ಎರಡು ಮೂರು ದಿನಗಳ ಮೇಲೆ, ಹಲವು ವೇಳೆ ಮನೆಗೆ ಹೋದ ನಂತರ, ಬರುತ್ತದೆ. ಬಸುರಿನ ಕಾಲದಲ್ಲಿ ಮಾಸು ಸ್ರವಿಸುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಹಾಲು ಇಳಿಯದಂತೆ ತಡೆದಿರುತ್ತದೆ. ಮಾಸು ಹೊರಬಿದ್ದೊಡನೆ ಆ ತಡೆ ಕಳಚುತ್ತದೆ. ಪಿಟ್ಯುಟರಿ ಗ್ರಂಥಿಯ ಪ್ರೊಲ್ಯಾಕ್ಟಿನ್ ತನ್ನ ಕೆಲಸ ನಡೆಸುತ್ತದೆ. ಮಗು ಬದುಕಿದೆಯೇ ಇಲ್ಲವೇ ಎಂಬುದು ಗ್ರಂಥಿಗೆ ತಿಳಿಯದು. ಐದಾರು ತಿಂಗಳ ಬಸುರು ಕಳೆದವಳಿಗೂ ಎದೆ ಬಿಗಿದು ಹಾಲು ಒಸರಬಹುದು. ಮುನ್ಸೂಚನೆಯಿಲ್ಲದೆ ಇದನ್ನು ಎದುರಿಸುವ ತಾಯಿಯ ಪಾಡನ್ನು ಓದುಗರು ಊಹಿಸಬಲ್ಲರು.

ಆದುದರಿಂದ ದಾದಿ ಇದನ್ನು ಮನೆಗೆ ಕಳುಹಿಸುವ ಮೊದಲೇ ಹೇಳುತ್ತಾಳೆ. ಎದೆಗೆ ಆಧಾರ ಕೊಡುವ ಉಡುಪು, ತಣ್ಣನೆಯ ಬಟ್ಟೆ, ಬಿಗಿತ ತಗ್ಗುವಷ್ಟು ಮಾತ್ರ ಹಿಂಡುವುದು ಒಳ್ಳೆಯದು. ಪೂರ್ತಿ ಹಿಂಡಿದರೆ ಹಾಲು ಇನ್ನೂ ಹೆಚ್ಚುತ್ತದೆ. ಬಟ್ಟೆಯಿಂದ ಬಿಗಿದು ಕಟ್ಟುವ ಹಳೆಯ ಕ್ರಮ ನೋವನ್ನೇ ಹೆಚ್ಚಿಸಬಹುದು. ಬೇಕಾದರೆ ವೈದ್ಯರು ಹಾಲು ನಿಲ್ಲಿಸುವ ಮಾತ್ರೆ ಕೊಡುತ್ತಾರೆ. ಕೆಲವು ತಾಯಂದಿರು ಹಾಲನ್ನು ಬತ್ತಿಸದೆ ದಾನಮಾಡುವುದೂ ಉಂಟು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಅಂತಹ ಹಾಲನ್ನು ಕೂಡಿಡುವ ನಮ್ಮ ದೇಶದ ಮೊದಲ ಹಾಲಿನ ಬ್ಯಾಂಕು 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಆರಂಭವಾಯಿತು.