ಓಬವ್ವನ ಹಾಡು, ಮೂರು ಆಂಪ್ಲಿಫೈಯರ್

1972ರ ‘ನಾಗರಹಾವು’. ಚಿತ್ರದುರ್ಗದ ಕೋಟೆಯಲ್ಲಿ ಚಿತ್ರೀಕರಿಸಿದ ಒನಕೆ ಓಬವ್ವನ ಹಾಡು. ವಿಜಯಭಾಸ್ಕರ್ ಸಂಗೀತ, ಪಿ.ಬಿ. ಶ್ರೀನಿವಾಸ್ ದನಿ. ಇದೇ ಹಾಡನ್ನು ಮೂರು ಬಗೆಯ ಆಂಪ್ಲಿಫೈಯರ್‌ನಲ್ಲಿ ಹಾಕಿದರೆ ಕಿವಿಗೆ ಏನು ವ್ಯತ್ಯಾಸ?

ಮೊದಲನೆಯದು ವಾಲ್ವ್. ಹಳೇ ರೇಡಿಯೋದೊಳಗೆ ಕೆಂಪಗೆ ಹೊಳೆಯುತ್ತಿದ್ದ ಗಾಜಿನ ಕೊಳವೆ ನೆನಪಿದೆಯಾ? ಅದೇ. ಮೂಲ ಸ್ವರದ ಜೊತೆಗೆ ಮೇಲಿನ ಸ್ಥಾಯಿಯ ಅದೇ ಸ್ವರವನ್ನು ತುಸು ಬೆರೆಸುತ್ತದೆ. ಹಾಗಾಗಿ ದನಿ ತುಂಬಿಕೊಂಡಂತೆ, ಮೆತ್ತಗೆ ಕೇಳುತ್ತದೆ.

ಎರಡನೆಯದು ಟ್ರಾನ್ಸಿಸ್ಟರಿನ ಕ್ಲಾಸ್ ಎಬಿ. ಅಲೆಯ ಮೇಲರ್ಧಕ್ಕೆ ಒಂದು ಟ್ರಾನ್ಸಿಸ್ಟರ್, ಕೆಳಗಿನರ್ಧಕ್ಕೆ ಇನ್ನೊಂದು. ದನಿ ಸ್ವಚ್ಛ. ಆದರೆ ಶಕ್ತಿ ಮೀರಿ ವಾಲ್ಯೂಮ್ ಏರಿಸಿದರೆ ಒರಟಾಗಿ ಒಡೆಯುತ್ತದೆ.

ಮೂರನೆಯದು ಕ್ಲಾಸ್ ಡಿ. ಬ್ಲೂಟೂತ್ ಸ್ಪೀಕರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಇದರ ಟ್ರಾನ್ಸಿಸ್ಟರ್ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್-ಆಫ್ ಆಗುತ್ತದೆ. ಕೊನೆಯ ಫಿಲ್ಟರ್ ಆ ಆನ್-ಆಫ್ ಮಿಡಿತವನ್ನು ಮತ್ತೆ ಹಾಡಾಗಿಸುತ್ತದೆ. ಸುಮಾರು ಶೇ. 90ರಷ್ಟು ವಿದ್ಯುತ್ ಸ್ಪೀಕರಿಗೇ ಸೇರುತ್ತದೆ, ಬಿಸಿ ಕಡಿಮೆ. ಹಿರಿಯೂರಲ್ಲೋ ಹೊಸದುರ್ಗದಲ್ಲೋ ಕರೆಂಟ್ ಹೋದರೆ ಬ್ಯಾಟರಿಯಲ್ಲೂ ಬಹಳ ಹೊತ್ತು ಹಾಡುತ್ತದೆ.

ಹೋಲಿಸುವ ಮುನ್ನ ಮೂರರ ವಾಲ್ಯೂಮೂ ಸಮ ಮಾಡಿ. ತುಸು ಜೋರಾಗಿದ್ದದ್ದೇ ಚೆನ್ನ ಎಂದು ಕಿವಿ ನಂಬಿಬಿಡುತ್ತದೆ.

ಈಗ ಕಣ್ಣು ಮುಚ್ಚಿ. ಯಾವುದರಲ್ಲಿ ಪಿ.ಬಿ. ಶ್ರೀನಿವಾಸ್ ನಿಮ್ಮೆದುರೇ ನಿಂತು ಹಾಡುತ್ತಾರೋ, ಅದೇ ನಿಮ್ಮ ಆಂಪ್ಲಿಫೈಯರ್.